ಬ್ಯಾಂಕಿನ ಬಾಗಿಲ ಕುರ್ಚಿ: ಮಾಜಿ ಸೈನಿಕರ ಎರಡನೇ ನೌಕರಿಯ ಹಿನ್ನೆಲೆ

ತೀರ್ಥಹಳ್ಳಿ, ಸಾಗರ, ಶಿವಮೊಗ್ಗದ ಪೇಟೆಗಳಲ್ಲಿ ಬ್ಯಾಂಕಿನೊಳಗೆ ಕಾಲಿಟ್ಟವರಿಗೆ ಎದುರಾಗುವ ಜೋಡಿ ನಳಿಗೆಯ ಬಂದೂಕಿನ ಕಾವಲುಗಾರ ಬಹುತೇಕ ಮಾಜಿ ಸೈನಿಕನಾಗಿರುತ್ತಾನೆ. ಅಡಿಕೆ ಮಾರಿದ ಹಣ ಕಟ್ಟಲು ಬಂದ ಅಜ್ಜನಿಗೆ ಚಲನ್ ತುಂಬಿಕೊಡುವವನೂ ಪಾಸ್‌ಬುಕ್ ಯಂತ್ರ ಕೈಕೊಟ್ಟಾಗ ಅದರ ಬಾಯಿ ಬಿಡಿಸುವವನೂ ಅವನೇ. ನನ್ನ ಪರಿಚಯದ ಅಂಥವರೊಬ್ಬರು ಸೇನೆಯಿಂದ ಬಿಡುಗಡೆಯಾಗುವಾಗ ಸಿಕ್ಕ ತಮ್ಮ ಡಿಸ್ಚಾರ್ಜ್ ಬುಕ್ಕನ್ನು ಮಳೆಗಾಲದ ಥಂಡಿ ತಾಗದಂತೆ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿಟ್ಟುಕೊಂಡಿದ್ದಾರೆ. ಅದರಲ್ಲಿ ‘ಟ್ರೇಡ್’ ಎಂಬಲ್ಲಿ ವಾಹನ ಮೆಕ್ಯಾನಿಕ್ ಎಂದಿದೆ. ಹದಿನೇಳು ವರ್ಷ ಸೇನೆಯ ಟ್ರಕ್ಕುಗಳ ಎಂಜಿನ್ ಬಿಚ್ಚಿ ಜೋಡಿಸಿದವರು ಗ್ಯಾರೇಜಿಗೇಕೆ ಹೋಗಲಿಲ್ಲ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಚಿಕ್ಕದು: “ಐಟಿಐ ಸರ್ಟಿಫಿಕೇಟ್ ಕೇಳಿದರು.”

ಈ ಉತ್ತರದ ಹಿಂದೆ ಒಂದು ಶತಮಾನದ ಕತೆಯಿದೆ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಆ ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಊರಿಗೆ ಮರಳುವ ಸಿಪಾಯಿಗಳನ್ನೂ ಮಡಿದವರ ಕುಟುಂಬಗಳನ್ನೂ ನೋಡಿಕೊಳ್ಳಲು ಬ್ರಿಟಿಷ್ ಸರ್ಕಾರ ಸೈನಿಕ ಮಂಡಳಿಯನ್ನು ಹುಟ್ಟುಹಾಕಿತು. ಇಂದಿನ ಕೇಂದ್ರೀಯ ಸೈನಿಕ ಮಂಡಳಿಗೂ ಜಿಲ್ಲಾ ಮಟ್ಟದ ಸೈನಿಕ ಕಲ್ಯಾಣ ಕಚೇರಿಗಳಿಗೂ ಬೇರು ಅದೇ. ಎರಡನೇ ಮಹಾಯುದ್ಧ ಮುಗಿಯುವಾಗ ಸಮಸ್ಯೆ ಹಲವು ಪಟ್ಟು ದೊಡ್ಡದಾಗಿತ್ತು. ಸುಮಾರು 25 ಲಕ್ಷಕ್ಕೆ ಬೆಳೆದಿದ್ದ ಭಾರತೀಯ ಸೇನೆಯಿಂದ ಲಕ್ಷಗಟ್ಟಲೆ ಜನರನ್ನು ಬಿಡುಗಡೆ ಮಾಡಬೇಕಿದ್ದುದರಿಂದ 1945ರ ಜುಲೈಯಲ್ಲಿ ಪುನರ್ವಸತಿ ಮತ್ತು ಉದ್ಯೋಗ ಮಹಾನಿರ್ದೇಶನಾಲಯ ಸ್ಥಾಪನೆಯಾಯಿತು, ಅದರ ಅಡಿಯಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳು ನಡೆಯತೊಡಗಿದವು. ಅವು ಎಲ್ಲರಿಗೂ ತೆರೆದದ್ದು 1948ರಲ್ಲಿ, ರಾಜ್ಯಗಳ ಕೈಗೆ ಬಂದದ್ದು 1956ರ ನವೆಂಬರ್‌ನಲ್ಲಿ. ನಮ್ಮ ಕಾಲೇಜು ಹುಡುಗರು ಒಂದು ಕಾಲಕ್ಕೆ ಸರತಿಯಲ್ಲಿ ನಿಂತು ಹೆಸರು ನೋಂದಾಯಿಸುತ್ತಿದ್ದ ಆ ಕಚೇರಿ ಮೊದಲು ಸಮವಸ್ತ್ರ ಕಳಚಿ ಬಂದವರಿಗಾಗಿ ಹುಟ್ಟಿತ್ತೆಂದರೆ ಇಂದು ಯಾರೂ ಸುಲಭಕ್ಕೆ ನಂಬಲಾರರು.

ಮಲೆನಾಡಿನವರ ಪಾಲಿಗೆ ಮಾತ್ರ ನೌಕರಿಗಿಂತ ಮೊದಲು ಬಂದದ್ದು ನೆಲದ ಆಸೆ. ರಾಜ್ಯದ 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಒಂದು ಪಾಲು ಮೀಸಲಿದೆ. ಆದರೆ ಕೊಡಲು ಬಯಲುಸೀಮೆಯಲ್ಲಿರುವಂತಹ ಗೋಮಾಳ ಇಲ್ಲಿ ಎಲ್ಲಿದೆ? ಕಾನು ಎಂಬ ದಟ್ಟ ಕಾಡು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಮೀಸಲು ಅರಣ್ಯ, ಶರಾವತಿ ಮುಳುಗಡೆಯಿಂದ ಎದ್ದು ಬಂದವರಿಗೆ ಬಿಟ್ಟ ಜಾಗ, ಬಗರ್‌ಹುಕುಂ ಸಾಗುವಳಿ ಇವೆಲ್ಲ ಒಂದರ ಮೇಲೊಂದು ಹೆಣೆದುಕೊಂಡಿರುವ ತಾಲ್ಲೂಕುಗಳಲ್ಲಿ ಕಂದಾಯ ಇಲಾಖೆ ತನ್ನದೆಂದ ಗುಡ್ಡವನ್ನು ಅರಣ್ಯ ಇಲಾಖೆಯೂ ತನ್ನದೆನ್ನುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಅದರಲ್ಲೂ ದಾಖಲೆಯಲ್ಲಿ ಅರಣ್ಯವೆಂದಿರುವುದೆಲ್ಲವೂ ಒಡೆತನ ಯಾರದೇ ಇರಲಿ ಅರಣ್ಯವೇ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ, ಅಂತಹ ಮಂಜೂರಾತಿಯ ದಾರಿ ಇನ್ನಷ್ಟು ಕಿರಿದಾಯಿತು. ಜಮೀನಿನ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರು ಕಡೆಗೆ ನೌಕರಿಯ ಕಡೆ ಮುಖ ಮಾಡಿದರು.

ನೌಕರಿಯ ಕಾನೂನು ಕಾಗದದ ಮೇಲೆ ಗಟ್ಟಿಯಾಗಿಯೇ ಇದೆ. ಕೇಂದ್ರ ಸರ್ಕಾರದ 1979ರ ನಿಯಮಗಳ ಪ್ರಕಾರ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 10, ಗ್ರೂಪ್ ‘ಡಿ’ಯಲ್ಲಿ ಶೇ 20 ಮಾಜಿ ಸೈನಿಕರಿಗೆ ಮೀಸಲು. ಕೇಂದ್ರೀಯ ಉದ್ದಿಮೆಗಳಲ್ಲಿ ಮತ್ತು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಅಂಗವಿಕಲ ಸೈನಿಕರ ಹಾಗೂ ಹುತಾತ್ಮರ ಅವಲಂಬಿತರ ಪಾಲೂ ಸೇರಿ ಅದು ಕ್ರಮವಾಗಿ ಶೇ 14.5 ಮತ್ತು ಶೇ 24.5. ಕರ್ನಾಟಕದ ನೇರ ನೇಮಕಾತಿಯಲ್ಲಿ ಶೇ 10. ವಯೋಮಿತಿ ಲೆಕ್ಕ ಹಾಕುವಾಗ ಸೇನೆಯಲ್ಲಿ ಕಳೆದ ವರ್ಷಗಳನ್ನು ಕಳೆಯುತ್ತಾರೆ. ಮೆಟ್ರಿಕ್ ಮುಗಿಸಿ 15 ವರ್ಷ ಸೇವೆ ಮಾಡಿದವನನ್ನು ಹಲವು ಗ್ರೂಪ್ ‘ಸಿ’ ಹುದ್ದೆಗಳಿಗೆ ಪದವೀಧರನೆಂದೇ ಪರಿಗಣಿಸುತ್ತಾರೆ, ತಾಂತ್ರಿಕ ಹುದ್ದೆಗಳನ್ನು ಬಿಟ್ಟು. ಗಂಟು ಇರುವುದು ಈ ಕೊನೆಯ ಮಾತಿನಲ್ಲಿ. ಸೇನೆ ಕಲಿಸಿದ ಕಸುಬು ಯಾವುದೋ ಅದೇ ಕಸುಬಿನ ಹುದ್ದೆಗೆ ಸೇನೆಯ ದಾಖಲೆಯೊಂದೇ ಸಾಲದು.

ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ ಇನ್ನೊಂದು ಪೆಟ್ಟೂ ಬಿತ್ತು. ಮೀಸಲಾತಿಗೆ ಅರ್ಥ ಬರಬೇಕಾದರೆ ನೇಮಕಾತಿ ಮಾಡುವ ಸಂಸ್ಥೆ ಇರಬೇಕಷ್ಟೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದದ ಕಾರ್ಖಾನೆ ನಿಂತುಹೋಗಿ ವರ್ಷಗಳಾದವು, ಒಂದು ಶತಮಾನದ ಹಿಂದಿನ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿತ್ತು. ಉಳಿದದ್ದು ಕಾವಲು ಕೆಲಸ. ಮಾಜಿ ಸೇನಾಧಿಕಾರಿಗಳು ನಡೆಸುವ ಭದ್ರತಾ ಏಜೆನ್ಸಿಗಳನ್ನು ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವೇ ಸಾರ್ವಜನಿಕ ಉದ್ದಿಮೆಗಳಿಗೆ ಶಿಫಾರಸು ಮಾಡುವ ವ್ಯವಸ್ಥೆ ಸಾವಿರಾರು ಮನೆಗಳ ಒಲೆ ಉರಿಸಿದೆ ನಿಜ. ಆದರೆ ‘ಮಿಲಿಟ್ರಿಯವನು’ ಎಂದರೆ ‘ಗೇಟಿನವನು’ ಎಂಬ ಸಮೀಕರಣವನ್ನೂ ಅದೇ ಗಟ್ಟಿಗೊಳಿಸಿತು ಎಂಬುದು ನನ್ನ ಅನಿಸಿಕೆ.

ಈ ಸಮೀಕರಣದ ಅಡಿಪಾಯ ಒಂದೇ ವಾಕ್ಯ: “ಪೆನ್ಷನ್ ಬರ್ತದಲ್ಲ, ಇನ್ನೇನು ಬೇಕು?” ಮಾಲೀಕನೂ ಹೀಗೆಂದುಕೊಂಡ, ಸರ್ಕಾರವೂ ಹೆಚ್ಚುಕಡಿಮೆ ಹೀಗೇ ಅಂದುಕೊಂಡಿತು. ಸೈನಿಕನಿಗೆ ಪಿಂಚಣಿ ಸಿಗಲು 15 ವರ್ಷ ಸೇವೆ ಬೇಕು. ಹದಿನೆಂಟು, ಇಪ್ಪತ್ತಕ್ಕೆ ಸೇರಿದವನು ಮೂವತ್ತೈದು, ನಲವತ್ತರ ಆಸುಪಾಸಿನಲ್ಲಿ ಹೊರಬರುತ್ತಾನೆ, ಆಗ ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುತ್ತಾರೆ. ಪಿಂಚಣಿ ಎಂದರೆ ಕೊನೆಯ ಸಂಬಳದ ಅರ್ಧದಷ್ಟು. ಪಿಂಚಣಿ ಇದೆಯೆಂಬ ಕಾರಣಕ್ಕೆ ಕಡಿಮೆ ಸಂಬಳ ಒಪ್ಪುತ್ತಾನೆಂದು ಲೆಕ್ಕ ಹಾಕಿದವರು ಅವನ ಕೈಯಲ್ಲಿರುವ ಕಸುಬನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ.

ಕೆಲಸ ಸಿಕ್ಕ ಮೇಲಿನ ತೊಡಕು ಬೇರೆ ಬಗೆಯದು, ಅದರ ಬಗ್ಗೆ ಯಾವ ಸುತ್ತೋಲೆಯೂ ಹೆಚ್ಚು ಮಾತಾಡುವುದಿಲ್ಲ. ಅದೇ ಮೆಕ್ಯಾನಿಕ್ ಬ್ಯಾಂಕಿಗೆ ಬರುವ ಮುನ್ನ ಕೆಲವು ತಿಂಗಳು ಒಂದು ಕಾರ್ಖಾನೆಯ ಉಗ್ರಾಣದಲ್ಲಿದ್ದರು. ಬೆಳಿಗ್ಗೆ ಮೇಲ್ವಿಚಾರಕರು “ನೋಡೋಣ, ಮಾಡಿದರಾಯಿತು” ಎಂದದ್ದನ್ನು ಇವರು ಆದೇಶವೆಂದು ತಿಳಿದು ಮಧ್ಯಾಹ್ನದೊಳಗೆ ಕಪಾಟುಗಳನ್ನೆಲ್ಲ ಖಾಲಿ ಮಾಡಿಸಿ ಮರುಜೋಡಿಸಿದ್ದರಂತೆ. ಮಲೆನಾಡಿನ ‘ನೋಡೋಣ’ ಎಂದರೆ ಬಹುಪಾಲು ‘ಬೇಡ’ ಎಂದೇ ಅರ್ಥ ಎಂಬುದು ಪಂಜಾಬ್, ಅಸ್ಸಾಂಗಳಲ್ಲಿ ಅಷ್ಟು ವರ್ಷ ಕಳೆದವರಿಗೆ ಮರೆತುಹೋಗಿತ್ತು. ಸಹೋದ್ಯೋಗಿಗಳು ನಕ್ಕರು, ಯಾರೂ ಬಿಡಿಸಿ ಹೇಳಲಿಲ್ಲ. ಮೊದಲ ಆರು ತಿಂಗಳು ಒಬ್ಬ ಅನುಭವಿಯನ್ನು ಜೊತೆಗೆ ಹಾಕುವುದು, ಯಾರಿಗೆ ಯಾರು ಉತ್ತರದಾಯಿ ಎಂಬುದನ್ನು ಬರೆದುಕೊಡುವುದು, ಫಿರಂಗಿ ಸದ್ದಿಗೆ ಕಿವಿ ಮಂದವಾದವನಿಗೆ ಫೋನಿನಲ್ಲಿ ಗದರುವ ಬದಲು ಎದುರು ನಿಂತು ಹೇಳುವುದು, ಇವಕ್ಕೆ ಮಾಲೀಕನ ಖರ್ಚು ಹೆಚ್ಚೇನಿಲ್ಲ. ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿಯಲ್ಲಿರುವ ಫೌಂಡ್ರಿಗಳಂತಹ (ಲೋಹ ಎರಕದ ಕಾರ್ಖಾನೆಗಳಂತಹ) ಕಡೆ ಯಂತ್ರ ಗೊತ್ತಿರುವ, ಪಾಳಿಗೆ ಒಗ್ಗಿದ ಕೈಗೆ ಬೆಲೆಯಿದೆ. ಐಟಿಐ ಕಾಗದದ ಬದಲು ಒಂದು ದಿನ ಯಂತ್ರದ ಮುಂದೆ ನಿಲ್ಲಿಸಿ ಪರೀಕ್ಷಿಸಿದರೂ ಸಾಕು.

2022ರ ಜೂನ್ 14ರಂದು ಪ್ರಕಟವಾದ ಸೇನಾ ನೇಮಕಾತಿಯ ಅಗ್ನಿಪಥ ಯೋಜನೆ ಈ ಹಳೆಯ ಲೆಕ್ಕವನ್ನೇ ಕದಲಿಸಿದೆ. ನಾಲ್ಕು ವರ್ಷದ ಸೇವೆ, ಆಮೇಲೆ ಉಳಿಯುವವರು ಗರಿಷ್ಠ ಶೇ 25. ಹೊರಬರುವವರಿಗೆ ಸೇವಾನಿಧಿಯಾಗಿ ಸುಮಾರು 11.71 ಲಕ್ಷ ರೂಪಾಯಿ ಸಿಗುತ್ತದೆ, ಪಿಂಚಣಿ ಇಲ್ಲ. 2023ರ ಆರಂಭದಲ್ಲಿ ತರಬೇತಿಗೆ ನಿಂತ ಭೂಸೇನೆಯ ಮೊದಲ ತಂಡದ ಅವಧಿ ಮುಗಿಯುವುದು 2026–27ರ ಹೊತ್ತಿಗೆ. ಇಪ್ಪತ್ತೈದರ ಆಸುಪಾಸಿನ ಈ ಹುಡುಗರಿಗೆ ಕೇಂದ್ರ ಅರೆಸೇನಾ ಪಡೆಗಳಲ್ಲಿ ಮೀಸಲಾತಿ ಘೋಷಿಸಲಾಗಿದೆ, ಸೇವೆಯಲ್ಲಿ ಕಲಿತದ್ದನ್ನೂ ಅಂಕವಾಗಿ ಎಣಿಸುವ ಪದವಿಯನ್ನು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ರೂಪಿಸಿದೆ. ಅವರನ್ನು ಸಂದರ್ಶಿಸುವ ಮಾಲೀಕನಿಗೆ ‘ಪೆನ್ಷನ್ ಬರ್ತದಲ್ಲ’ ಎನ್ನಲು ಮಾತ್ರ ಬಾರದು.

ನಮ್ಮ ಬ್ಯಾಂಕಿನ ಮೆಕ್ಯಾನಿಕ್ ಅವರ ಅಣ್ಣನ ಮಗನೂ ಈ ಯೋಜನೆಯಡಿ ಸೇನೆ ಸೇರಿದ ಅಗ್ನಿವೀರ. ರಜೆಗೆ ಬಂದವನು ಚಿಕ್ಕಪ್ಪನ ನಿವೃತ್ತಿಯ ನಂತರ ಆ ಕುರ್ಚಿ ತನಗೆ ಸಿಗಬಹುದೇ ಎಂದು ತಮಾಷೆಗೆ ಕೇಳಿದನಂತೆ. ಬಂದೂಕಿನ ಕಾವಲುಗಾರನ ಹುದ್ದೆಗೆ ಬ್ಯಾಂಕುಗಳು ಸಾಮಾನ್ಯವಾಗಿ ಕರೆಯುವುದು ಮಾಜಿ ಸೈನಿಕರನ್ನು. ಯೋಜನೆಯ ಷರತ್ತಿನಂತೆ ನಾಲ್ಕು ವರ್ಷಕ್ಕೆ ಹೊರಬಂದವನಿಗೆ ಆ ಹೆಸರು ಸಲ್ಲುವುದಿಲ್ಲ.