ಕಳೆದುಹೋದ ಯಂತ್ರಗಳು, ಉಳಿದುಕೊಂಡ ಕಸ: ಒಂದು ಅಧ್ಯಯನ ಟಿಪ್ಪಣಿ

ಪುರಾತನ ಈಜಿಪ್ಟಿನವರು ಗ್ರಾನೈಟ್ ಕಲ್ಲಿನಲ್ಲಿ ದುಂಡಗೆ ಕೊರೆದ ತೂತುಗಳ ಫೋಟೋ ನೀವೂ ನೋಡಿರುತ್ತೀರಿ. ಕೆಳಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ: 'ತಾಮ್ರದ ಉಪಕರಣದಿಂದ ಇದು ಸಾಧ್ಯವೇ?' ಪ್ರಶ್ನೆಯಲ್ಲಿ ಏನೂ ತಪ್ಪಿಲ್ಲ. ಗಡಸುತನದ ಮೋಸ್ ಅಳತೆಯಲ್ಲಿ ತಾಮ್ರಕ್ಕೆ ಸುಮಾರು 3, ಗ್ರಾನೈಟಿನೊಳಗಿನ ಕ್ವಾರ್ಟ್ಸ್‌ಗೆ 7. ಬರೀ ತಾಮ್ರದಿಂದ ಅದನ್ನು ಗೀರಲೂ ಆಗುವುದಿಲ್ಲ. ಎಡವುವುದು ಮುಂದಿನ ಹೆಜ್ಜೆಯಲ್ಲಿ. 'ಹಾಗಾದರೆ ಅವರ ಹತ್ತಿರ ಕರೆಂಟಿನ ಯಂತ್ರ ಇತ್ತು' ಅಂತ ಜಿಗಿದುಬಿಡುತ್ತೇವೆ. ನಾನೂ ಒಂದು ಕಾಲದಲ್ಲಿ ಹಾಗೆ ಜಿಗಿದವನೇ.

ಅಸಲಿಗೆ ಕಲ್ಲು ಕೊರೆದದ್ದು ತಾಮ್ರ ಅಲ್ಲ, ಮರಳು. ಮರಳಿನ ಕಾಳು ಹೆಚ್ಚಾಗಿ ಕ್ವಾರ್ಟ್ಸೇ, ಅಂದರೆ ಅದರ ಗಡಸುತನವೂ 7. ಕೋಲಿನ ತುದಿಗೆ ತಾಮ್ರದ ಕೊಳವೆ ಸಿಕ್ಕಿಸಿ, ಕೋಲಿಗೆ ಬಿಲ್ಲಿನ ಹಗ್ಗ ಸುತ್ತಿ ಹಿಂದೆ ಮುಂದೆ ಎಳೆದರೆ ಕೊಳವೆ ಗಿರಗಿರ ತಿರುಗುತ್ತದೆ. ಕೊಳವೆ ಕಲ್ಲಿಗೆ ತಾಗುವ ಕಡೆ ಮರಳು ಸುರಿಯುತ್ತಲೇ ಇರಬೇಕು. ತಾಮ್ರ ಮೆತ್ತಗಿರುವುದೇ ಇಲ್ಲಿ ಅನುಕೂಲ. ಅದು ಕಾಳುಗಳನ್ನು ಕಚ್ಚಿ ಹಿಡಿಯುತ್ತದೆ, ಕಾಳುಗಳು ಕಲ್ಲನ್ನು ಸವೆಸುತ್ತವೆ. ತೂತಿನ ನಡುವೆ ಉದ್ದನೆಯ ಕಲ್ಲಿನ ತಿರುಳು ನಿಂತಿರುತ್ತದೆ, ಅದನ್ನು ಮುರಿದು ತೆಗೆಯಬೇಕು. ಪುರಾತನ ಉಪಕರಣಗಳನ್ನು ಮತ್ತೆ ಮಾಡಿ ಪರೀಕ್ಷಿಸಿದ ಬ್ರಿಟನ್ನಿನ ಸಂಶೋಧಕ ಡೆನಿಸ್ ಸ್ಟಾಕ್ಸ್ ಇದನ್ನೆಲ್ಲ ಸ್ವತಃ ಮಾಡಿ ತೋರಿಸಿದರು. ಕೆಲಸ ಭಾರೀ ನಿಧಾನ, ಕಲ್ಲಿನ ಜೊತೆ ತಾಮ್ರವೂ ಸವೆಯುತ್ತದೆ. ಇದೇ ಥರ ಮರಳು ಹಾಕಿ ತಾಮ್ರದ ಗರಗಸದಿಂದ ಕೊಯ್ದ ಹಳೆಯ ಕಲ್ಲುಗಳ ಗೀರುಗಳಲ್ಲಿ ಹಸಿರು ಬಣ್ಣ ಹಿಡಿದ ಮರಳು ಸಿಕ್ಕಿರುವುದು ಇದಕ್ಕೇ. ಆ ಹಸಿರು ತಾಮ್ರದ್ದು.

1880ರ ದಶಕದಲ್ಲಿ ಗಿಜಾದ ಪಿರಮಿಡ್ಡುಗಳನ್ನು ಅಳೆದ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ, ಕೊಳವೆಯ ಅಂಚಿಗೆ ಗಟ್ಟಿ ಹರಳು ಕೂರಿಸಿದ್ದರು ಅಂದುಕೊಂಡಿದ್ದರು. ಅದು ತಪ್ಪು ಊಹೆಯೇ ಇರಬಹುದು, ಆದರೆ ಮಾಡಿ ನೋಡಿ ಪರೀಕ್ಷಿಸಬಹುದಾದ ಊಹೆ. 'ಯಾವುದೋ ಗೊತ್ತಿಲ್ಲದ ಯಂತ್ರ' ಅನ್ನುವುದನ್ನು ಪರೀಕ್ಷಿಸುವುದು ಹೇಗೆ?

ಇಂಥ ಮಾತು ಕೇಳಿದಾಗ ನಾನು ಮೊದಲು ಹುಡುಕುವುದು ಕಸವನ್ನು. ಯಾವ ತಂತ್ರವೂ ಒಂಟಿಯಾಗಿ ಬರುವುದಿಲ್ಲ. ಮೋಟಾರಿಗೆ ತಂತಿ ಬೇಕು, ತಂತಿ ಎಳೆಯುವ ಕಾರ್ಖಾನೆ ಬೇಕು, ಕರೆಂಟು ಹುಟ್ಟಿಸುವ ವ್ಯವಸ್ಥೆ ಬೇಕು. ಸುಟ್ಟ ಭಾಗ, ಮುರಿದ ಬಿಡಿಭಾಗ, ಕೆಟ್ಟುಹೋದ ಮೊದಲ ಮಾದರಿ ಎಲ್ಲೋ ಬಿದ್ದಿರಲೇಬೇಕು. ಈಜಿಪ್ಟಿನಲ್ಲಿ ಬ್ರೆಡ್ ಸುಟ್ಟ ಮಡಕೆ ಚೂರು ಕೂಡ ಉಳಿದಿದೆ. ಯಂತ್ರದ ಒಂದು ತಿರುಪು ಮಾತ್ರ ಉಳಿಯಲಿಲ್ಲವೇ?

ಆಸ್ವಾನ್‌ನ ಕಲ್ಲುಗಣಿಯಲ್ಲಿ ಅರ್ಧಕ್ಕೆ ಬಿಟ್ಟ ಒಂದು ಒಬೆಲಿಸ್ಕ್, ಅಂದರೆ ಒಂದೇ ಕಲ್ಲಿನ ಚೂಪು ತುದಿಯ ಎತ್ತರದ ಕಂಬ, ಮಲಗಿದೆ. ಉದ್ದ ಸುಮಾರು 42 ಮೀಟರ್, ತೂಕ ಸಾವಿರ ಟನ್ನಿಗಿಂತ ಜಾಸ್ತಿ. ಕೆತ್ತುತ್ತಿರುವಾಗಲೇ ಬಿರುಕು ಬಿಟ್ಟಿತು, ಕೈಬಿಟ್ಟರು. ನಮಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ, ಯಾಕೆಂದರೆ ಕೆಲಸ ನಡುವೆಯೇ ನಿಂತಿದೆ. ಸುತ್ತಲ ಕಾಲುವೆಯ ಗೋಡೆ ನುಣ್ಣಗಿಲ್ಲ. ಚಮಚದಿಂದ ತೋಡಿದ ಹಾಗೆ ಸಾಲು ಸಾಲು ಗುಳಿಗಳಿವೆ. ಅಂಥ ಗುಳಿ ಮಾಡುವ ಡಾಲರೈಟ್ ಕಲ್ಲಿನ ಉಂಡೆಗಳು ಗಣಿಯಲ್ಲೇ ಸಿಕ್ಕಿವೆ. ಕೈಯಲ್ಲಿ ಹಿಡಿದು ಕುಟ್ಟುವ ಉಂಡೆಗಳು ಅವು. ಇಲ್ಲಿ ಕಸವೇ ಎಲ್ಲ ಹೇಳುತ್ತದೆ.

ಲೆಕ್ಕಪತ್ರವೂ ಇದೆ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ಪುರಾತತ್ವಜ್ಞ ಪಿಯರ್ ಟ್ಯಾಲೆ ಅವರ ತಂಡಕ್ಕೆ ಪಪೈರಸ್ ಸುರುಳಿಗಳು ಸಿಕ್ಕವು. ಗಿಜಾದ ಮಹಾ ಪಿರಮಿಡ್ ಕಟ್ಟಿಸಿದ ಖುಫು ರಾಜನ ಕಾಲದವು. ಮೆರೆರ್ ಅನ್ನುವ ಮೇಲ್ವಿಚಾರಕ ತನ್ನ ಆಳುಗಳ ಜೊತೆ ತುರಾದ ಸುಣ್ಣಕಲ್ಲನ್ನು ದೋಣಿಯಲ್ಲಿ ಗಿಜಾಕ್ಕೆ ಸಾಗಿಸಿದ್ದನ್ನು ದಿನದಿನವೂ ಬರೆಸಿಟ್ಟಿದ್ದಾನೆ. ಓದಿದರೆ ಸುಮ್ನೆ ಡ್ಯೂಟಿ ರಿಜಿಸ್ಟರ್ ಥರ ಇದೆ. ನನಗೆ ಅದೇ ಖುಷಿ.

ಈಜಿಪ್ಟಿನ ಅಬೈಡೋಸ್‌ ದೇವಾಲಯದಲ್ಲಿ ಹೆಲಿಕಾಪ್ಟರ್ ಥರ ಕಾಣುವ ಒಂದು ಕೆತ್ತನೆ ಇದೆ, ಆ 'ಹೆಲಿಕಾಪ್ಟರ್' ಬಗ್ಗೆ ಎರಡೇ ಮಾತು. ಮೊದಲನೇ ಸೇಟಿ ರಾಜನ ಬಿರುದುಗಳನ್ನು ಕೆತ್ತಿದ್ದ ಜಾಗಕ್ಕೆ ಗಾರೆ ಮೆತ್ತಿ, ಎರಡನೇ ರಾಮ್ಸೆಸ್‌ನ ಬಿರುದು ಕೆತ್ತಿದರು. ಮುಂದೆ ಗಾರೆ ಉದುರಿತು, ಎರಡು ಬರಹಗಳೂ ಒಂದರ ಮೇಲೊಂದು ಬಿದ್ದವು.

'ಆಂಟಿಕಿಥೆರಾ ಯಂತ್ರ ನಿಜವಲ್ಲವೇ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಜವೇ. ಅದು ಆಕಾಶಕಾಯಗಳ ಓಟ ಲೆಕ್ಕ ಹಾಕುವ ಪುರಾತನ ಗ್ರೀಕ್ ಯಂತ್ರ, ಗ್ರೀಸಿನ ಹತ್ತಿರ ಮುಳುಗಿದ್ದ ಹಡಗಿನಿಂದ 1901ರಲ್ಲಿ ಮೇಲೆತ್ತಿದ್ದು, 30 ಕಂಚಿನ ಹಲ್ಲುಚಕ್ರ ಉಳಿದಿವೆ. ಪುರಾತನರು ದಡ್ಡರು ಅಂದುಕೊಂಡವರಿಗೆ ಇದು ಏಟು, ನಮಗಲ್ಲ. ಅದರಲ್ಲಿ 223 ಹಲ್ಲುಗಳ ಒಂದು ಚಕ್ರವಿದೆ. 223 ಚಾಂದ್ರಮಾಸಕ್ಕೊಮ್ಮೆ ಗ್ರಹಣಗಳು ಅದೇ ಕ್ರಮದಲ್ಲಿ ಮರಳುತ್ತವೆ ಅನ್ನುವುದು ಬ್ಯಾಬಿಲೋನಿನವರಿಗೆ ಮೊದಲೇ ಗೊತ್ತಿತ್ತು. ಸೂರ್ಯ, ಚಂದ್ರ, ಗ್ರಹಗಳ ಓಟ ತೋರಿಸುವ ಇಂಥದ್ದೇ ಉಪಕರಣವನ್ನು ಆರ್ಕಿಮಿಡೀಸ್ ಮಾಡಿದ್ದನೆಂದು ರೋಮಿನ ಲೇಖಕ ಸಿಸೆರೊ ಬರೆದಿದ್ದಾನೆ. ಯಂತ್ರ ಒಂದೇ ಸಿಕ್ಕಿದೆ, ಆದರೆ ಅದರ ನೆಂಟರಿಷ್ಟರ ಗುರುತು ಎಲ್ಲ ಕಡೆ ಇದೆ.