ಒಂದು ಬುಷ್‌ಗೆ ಅಸಲು ಎಷ್ಟು?

ಬೆಂಗಳೂರಿನ ಪೀಣ್ಯದ ಸಣ್ಣ ಘಟಕಗಳ ಮಾಲೀಕರು ವೆಚ್ಚ ಲೆಕ್ಕಿಗನ ಬಳಿ ಬಂದಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಾರ್, ಈ ಪೀಸ್‌ಗೆ ಅಸಲು ಎಷ್ಟು ಬೀಳುತ್ತೆ?" ಪ್ರತಿಯೊಂದು ವಸ್ತುವಿಗೂ ಒಂದೇ ಒಂದು ಖಚಿತವಾದ ಅಸಲು ಇದೆ, ಸೂತ್ರ ಗೊತ್ತಿದ್ದವರಿಗೆ ಅದು ಸಿಗುತ್ತದೆ ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ನಿರ್ವಹಣಾ ಲೆಕ್ಕಶಾಸ್ತ್ರವನ್ನು ಓದಲು ಕುಳಿತ ವಿದ್ಯಾರ್ಥಿಗಳಲ್ಲಿಯೂ ನಾನು ಇದೇ ನಂಬಿಕೆಯನ್ನು ಕಂಡಿದ್ದೇನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಮಾರಿಸ್ ಕ್ಲಾರ್ಕ್ ಅವರು ಬೇರೆ ಬೇರೆ ಉದ್ದೇಶಕ್ಕೆ ಬೇರೆ ಬೇರೆ ವೆಚ್ಚ ಎಂದು 1923ರಲ್ಲಿಯೇ ವಿವರಿಸಿದ್ದರು. ನೂರು ವರ್ಷ ಕಳೆದರೂ ಈ ಮಾತು ನಮ್ಮ ತರಗತಿಗಳಲ್ಲಿ ಪರೀಕ್ಷೆಯ ಉತ್ತರವಾಗಿ ಉಳಿದಿದೆಯೇ ಹೊರತು ಅಭ್ಯಾಸವಾಗಿ ಬೆಳೆದಿಲ್ಲ ಎಂಬುದು ನನ್ನ ಕೊರಗು.

ಕಂಪ್ಯೂಟರ್ ಹತೋಟಿಯಲ್ಲಿ ಲೋಹವನ್ನು ಕಡೆಯುವ ಸಿಎನ್‌ಸಿ ಲೇತ್ ಯಂತ್ರಗಳು ಮೂರಿರುವ ಒಂದು ಘಟಕವನ್ನು ತೆಗೆದುಕೊಳ್ಳೋಣ. ಇಲ್ಲಿ ತಯಾರಾಗುವುದು ಬುಷ್, ಅಂದರೆ ಯಂತ್ರಗಳಲ್ಲಿ ತಿರುಗುವ ದಂಡದ ಸುತ್ತ ಕೂರುವ ಕೊಳವೆಯಂಥ ಬಿಡಿಭಾಗ. ಲೆಕ್ಕ ತಿಳಿಯಾಗಲೆಂದು ಅಂಕಿಗಳನ್ನು ನಾನೇ ದುಂಡಾಗಿ ಇಟ್ಟುಕೊಂಡಿದ್ದೇನೆ. ಬಾಡಿಗೆ, ಸಂಬಳ, ಸಾಲದ ಬಡ್ಡಿ, ಸವಕಳಿ ಎಲ್ಲ ಸೇರಿ ತಿಂಗಳಿಗೆ 4,80,000 ರೂಪಾಯಿ ಸ್ಥಿರ ವೆಚ್ಚ, ಅಂದರೆ ಪೀಸ್ ಎಷ್ಟೇ ತಯಾರಾದರೂ ಬದಲಾಗದ ಖರ್ಚು. ಎಂಟು ಗಂಟೆಯ ಎರಡು ಪಾಳಿ, 25 ದಿನ ಎಂದರೆ ಮೂರು ಯಂತ್ರಗಳಿಂದ 1,200 ಗಂಟೆ. ಸೆಟ್ಟಿಂಗ್, ರಿಪೇರಿ, ಕರೆಂಟ್ ಹೋಗುವುದು ಇವನ್ನೆಲ್ಲ ಕಳೆದು 960 ಗಂಟೆ ಕೈಗೆ ಸಿಗುತ್ತದೆ. ಒಂದು ಬುಷ್‌ಗೆ ಆರು ನಿಮಿಷ, ಅಂದರೆ ಗಂಟೆಗೆ ಹತ್ತು. ಬುಷ್ ಕಡೆಯಲು ಬೇಕಾದ ಲೋಹದ ಬಾರ್‌ನ ಬೆಲೆ ಜಿಎಸ್‌ಟಿ ಬಿಟ್ಟು ಪೀಸ್‌ಗೆ 38 ರೂಪಾಯಿ. ವಿದ್ಯುತ್, ಇನ್ಸರ್ಟ್ (ಲೋಹ ಕತ್ತರಿಸುವ, ಸವೆದಾಗ ಬದಲಿಸುವ ತುದಿ), ಕೂಲೆಂಟ್ (ಕತ್ತರಿಸುವಾಗ ತಣಿಸುವ ದ್ರವ) ಇವುಗಳಿಗೆ ಗಂಟೆಗೆ 120, ಅಂದರೆ ಪೀಸ್‌ಗೆ 12. ಅಲ್ಲಿಗೆ ಚರ ವೆಚ್ಚ, ಅಂದರೆ ಪೀಸ್ ಹೆಚ್ಚಿದಂತೆ ಹೆಚ್ಚುವ ಖರ್ಚು, 50 ರೂಪಾಯಿ. ಸ್ಥಿರ ವೆಚ್ಚವನ್ನು 960 ಗಂಟೆಗೆ ಹಂಚಿದರೆ ಪೀಸ್‌ಗೆ ಇನ್ನೊಂದು 50. ಒಟ್ಟು ಅಸಲು 100, ಮಾರುವ ದರ 110.

ಯೋಜನೆ ಹಾಕುವಾಗ ಮುಖ್ಯವಾಗುವುದು ದರದಲ್ಲಿ ಚರ ವೆಚ್ಚ ಕಳೆದು ಉಳಿಯುವ 60 ರೂಪಾಯಿ. ಇದನ್ನು ಕಾಂಟ್ರಿಬ್ಯೂಷನ್ ಎನ್ನುತ್ತೇವೆ. 4,80,000 ರೂಪಾಯಿ ಹುಟ್ಟಬೇಕಾದರೆ 8,000 ಬುಷ್ ಮಾರಬೇಕು. 9,600 ಮಾರಿದರೆ 96,000 ರೂಪಾಯಿ ಲಾಭ. ಪೀಸ್‌ಗೆ ಹತ್ತು ರೂಪಾಯಿ ಲಾಭ ಇದೆಯಲ್ಲ ಎಂದು ನಿಶ್ಚಿಂತೆಯಿಂದಿದ್ದ ಮಾಲೀಕರಿಗೆ, 7,999 ಪೀಸ್‌ವರೆಗೂ ತಿಂಗಳು ನಷ್ಟದಲ್ಲಿಯೇ ಇರುತ್ತದೆ ಎಂಬುದು ಈ ಲೆಕ್ಕ ಬರೆದು ತೋರಿಸಿದಾಗಲೇ ಮನವರಿಕೆಯಾಗುವುದು. ಇಂಗ್ಲೆಂಡಿನ ಪಿಂಗಾಣಿ ತಯಾರಕ ಜೋಸೈಯಾ ವೆಜ್‌ವುಡ್ 1772ರ ವ್ಯಾಪಾರ ಕುಸಿತದಲ್ಲಿ ತನ್ನ ಖರ್ಚುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಕಂಡದ್ದೂ ಇದೇ: ಮಾಲು ಹೆಚ್ಚು ತಯಾರಾಗಲಿ ಕಡಿಮೆ ತಯಾರಾಗಲಿ, ಖರ್ಚಿನ ಬಹುಪಾಲು ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ.

ಈಗ ತಿಂಗಳು ಮುಗಿದಿದೆ ಎನ್ನೋಣ. ಮಾರಾಟವಾದದ್ದು 7,800 ಪೀಸ್, ಯಂತ್ರ ಓಡಿದ್ದು 780 ಗಂಟೆ, ಫಲ 21,400 ರೂಪಾಯಿ ನಷ್ಟ. ವಿದ್ಯುತ್, ಇನ್ಸರ್ಟ್, ಕೂಲೆಂಟ್‌ಗೆ ಬಜೆಟ್‌ನಲ್ಲಿ 960 ಗಂಟೆಗೆಂದು ಇಟ್ಟಿದ್ದು 1,15,200, ಖರ್ಚಾದದ್ದು 1,03,000. ಮೇಲ್ನೋಟಕ್ಕೆ 12,200 ರೂಪಾಯಿ ಉಳಿದಂತೆ ಕಾಣುತ್ತದೆ, ಇದನ್ನು ಉಳಿತಾಯವೆಂದು ವರದಿ ಮಾಡಿದವರನ್ನೂ ನಾನು ನೋಡಿದ್ದೇನೆ. ಆದರೆ 780 ಗಂಟೆಗೆ ಆಗಬೇಕಿದ್ದ ಖರ್ಚು 93,600 ಮಾತ್ರ. ನಿಜವಾಗಿ ಆಗಿರುವುದು 9,400 ರೂಪಾಯಿ ಹೆಚ್ಚಿನ ಖರ್ಚು. ಯೋಜಿತ ಲಾಭಕ್ಕೂ ಆದ ನಷ್ಟಕ್ಕೂ ನಡುವಿನ 1,17,400 ರೂಪಾಯಿಯಲ್ಲಿ 1,08,000 ಆರ್ಡರ್ ಕೊರತೆಯಿಂದ ಬಂದದ್ದು, ಉಳಿದ 9,400 ಕಾರ್ಖಾನೆಯ ಒಳಗಿನದು.

ಈ 9,400ರ ಕಾರಣವನ್ನು ಹುಡುಕುವಾಗ ಬಹಳ ಎಚ್ಚರ ಬೇಕು. ಇನ್ಸರ್ಟ್ ಬೇಗ ಸವೆದದ್ದಕ್ಕೆ ಆಪರೇಟರ್‌ನನ್ನು ಗದರುವುದು ಸುಲಭ. ಆದರೆ ಖರೀದಿ ವಿಭಾಗದವರು ಅಗ್ಗದ ಬಾರ್ ತಂದಿದ್ದು, ಅದರ ಗಡಸುತನ ಒಂದೇ ಸಮನಾಗಿಲ್ಲದೆ ಇನ್ಸರ್ಟ್‌ನ ಅಂಚು ಮುರಿಯುತ್ತಿದ್ದರೆ, ಕೊಂಡವರ ಖಾತೆಯಲ್ಲಿ ಉಳಿತಾಯವೂ ಯಂತ್ರ ನಡೆಸುವವನ ಖಾತೆಯಲ್ಲಿ ದಂಡವೂ ಕಾಣುತ್ತದೆ. ಪರೀಕ್ಷೆಯಲ್ಲಿ ಬೆಲೆಯ ವ್ಯತ್ಯಾಸ, ಬಳಕೆಯ ವ್ಯತ್ಯಾಸ ಎಂದು ಎರಡು ಸಾಲಿನಲ್ಲಿ ಬರೆದು ಅಂಕ ಪಡೆಯುವ ವಿದ್ಯಾರ್ಥಿ ಆ ಎರಡೂ ಸಾಲುಗಳಿಗೆ ಒಂದೇ ಬೇರು ಇರಬಹುದೆಂದು ಯೋಚಿಸುವುದನ್ನೂ ಕಲಿಯಬೇಕು. ಅದಕ್ಕಾಗಿಯೇ ನನ್ನಲ್ಲಿ ತರಬೇತಿಗೆ ಬರುವವರನ್ನು ಮೊದಲ ವಾರ ಕಂಪ್ಯೂಟರ್ ಮುಂದೆ ಕೂರಿಸುವುದಿಲ್ಲ. ಗಡಿಯಾರ, ನೋಟ್‌ಬುಕ್ ಹಿಡಿದು ಯಂತ್ರದ ಪಕ್ಕದಲ್ಲಿ ನಿಲ್ಲಿಸುತ್ತೇನೆ. ಆರು ನಿಮಿಷ ಎಂಬ ಅಂಕಿಯನ್ನು ಪ್ರಶ್ನೆಪತ್ರಿಕೆ ಪುಕ್ಕಟೆಯಾಗಿ ಕೊಡುತ್ತದೆ, ಕಾರ್ಖಾನೆಯಲ್ಲಿ ಅದನ್ನು ನಾವೇ ಅಳೆದು ತರಬೇಕು.

ಇನ್ನು ನಿರ್ಧಾರದ ವಿಷಯ. ಹೊಸ ಗ್ರಾಹಕರೊಬ್ಬರು ತಿಂಗಳಿಗೆ 1,000 ಬುಷ್ ಕೇಳುತ್ತಾರೆ, ಆದರೆ 80 ರೂಪಾಯಿಗೆ. "ನೂರು ಅಸಲು ಬೀಳೋದನ್ನ ಎಂಬತ್ತಕ್ಕೆ ಕೊಡೋಕಾಗುತ್ತಾ ಸಾರ್?" ಎಂದು ಮಾಲೀಕರು ಆರ್ಡರನ್ನು ಬಿಡಲು ಹೊರಡುತ್ತಾರೆ. ಯಂತ್ರಗಳು 180 ಗಂಟೆ ಖಾಲಿ ನಿಂತಿವೆ, ಈ ಆರ್ಡರಿಗೆ ಬೇಕಾದದ್ದು 100 ಗಂಟೆ. ಆರ್ಡರ್ ಬಿಟ್ಟರೂ ಬಾಡಿಗೆ, ಬಡ್ಡಿ ಕಟ್ಟುವುದು ತಪ್ಪುವುದಿಲ್ಲ. ಒಪ್ಪಿಕೊಂಡರೆ ಪೀಸ್‌ಗೆ 30ರಂತೆ 30,000 ರೂಪಾಯಿ ಬರುತ್ತದೆ. ಇನ್ಸರ್ಟ್ ಖರ್ಚು ಹತೋಟಿಗೆ ಬಂದರೆ 12,000ಕ್ಕೆ ಇಳಿಯುವ ತಿಂಗಳ ನಷ್ಟ 18,000 ಲಾಭವಾಗಿ ತಿರುಗುತ್ತದೆ. ಹಳೆಯ ಗ್ರಾಹಕರು ಈ ದರವನ್ನು ತಿಳಿದು ತಮಗೂ ಇಳಿಸಿ ಎನ್ನುವರೇ, ಹಣ ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ಕೇಳದೆ ನಾನು ಒಪ್ಪಿಗೆ ಕೊಡುವುದಿಲ್ಲ.

ಯಂತ್ರಗಳು 960 ಗಂಟೆಯೂ ತುಂಬಿದ್ದರೆ ಉತ್ತರ ತಿರುಗಿಬೀಳುತ್ತದೆ. ಆಗ ನೋಡಬೇಕಾದದ್ದು ಗಂಟೆಯ ಕಾಂಟ್ರಿಬ್ಯೂಷನ್: ಹಳೆಯ ದರದಲ್ಲಿ ಗಂಟೆಗೆ 600, ಹೊಸದರಲ್ಲಿ 300. ನೂರು ಗಂಟೆಯನ್ನು ಹೊಸಬರಿಗೆ ಕೊಟ್ಟರೆ 30,000 ರೂಪಾಯಿ ಕೈಬಿಟ್ಟು ಹೋಗುತ್ತದೆ.

ಮೂರನೆಯ ಸ್ಥಿತಿಯಲ್ಲಿಯೇ ನಮ್ಮ ಘಟಕಗಳು ಹೆಚ್ಚು ಎಡವುವುದು. 80 ರೂಪಾಯಿಯ ಗ್ರಾಹಕರ ಬೇಡಿಕೆ ಬೆಳೆಯುತ್ತದೆ, ಅವರಿಗಾಗಿಯೇ ನಾಲ್ಕನೆಯ ಲೇತ್ ತರುವ ಮಾತು ಬರುತ್ತದೆ. ಅದರ ಕಂತು, ಆಪರೇಟರುಗಳ ಸಂಬಳ ಸೇರಿ ತಿಂಗಳಿಗೆ 1,30,000 ರೂಪಾಯಿ ಎಂದುಕೊಳ್ಳಿ. ಖಾಲಿ ಯಂತ್ರದ ಕಾಲಕ್ಕೆ ಸ್ಥಿರ ವೆಚ್ಚವನ್ನು ಲೆಕ್ಕದಿಂದ ಹೊರಗಿಟ್ಟದ್ದು ಸರಿಯಾಗಿತ್ತು. ಈಗ ಈ ನಿರ್ಧಾರವೇ ಹೊಸ ಸ್ಥಿರ ವೆಚ್ಚವನ್ನು ಹುಟ್ಟಿಸುತ್ತಿದೆ. ಒಂದು ಯಂತ್ರದ 320 ಗಂಟೆ ಪೂರ್ತಿ ಓಡಿಸಿದರೂ ಗಂಟೆಗೆ 300ರಂತೆ ಬರುವುದು 96,000. ಖಾಲಿ ಗಂಟೆಗಳಲ್ಲಿ ಲಾಭ ತಂದ ಅದೇ ಬುಷ್, ಅದೇ ದರದಲ್ಲಿ, ಹೊಸ ಲೇತ್‌ನ ಮೇಲೆ ತಿಂಗಳಿಗೆ 34,000 ರೂಪಾಯಿ ನಷ್ಟ ತರುತ್ತದೆ.