ರಾಮಾಚಾರಿಯ ಮೂಗು ಹೇಗಿತ್ತು?

1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದಾಗ ಜನ ಥಿಯೇಟರಿಗೆ ಮುಗಿಬಿದ್ದರು. ಮೆಚ್ಚದವರಲ್ಲಿ ಮೂಲ ಲೇಖಕರೇ ಒಬ್ಬರು. ‘ಇದು ನಾಗರಹಾವಲ್ಲ, ಕೇರೆಹಾವು’ ಎಂದು ತ.ರಾ.ಸು. ಸಿಡುಕಿದರಂತೆ, ಆ ಮಾತು ಈಗಲೂ ಚಾಲ್ತಿಯಲ್ಲಿದೆ. ಅವರ ಸಿಟ್ಟು ಅಕಾರಣವೇನಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಸಿನಿಮಾಕ್ಕೆ ಇಳಿಸಿದರೆ ಕತ್ತರಿ ಆಡಲೇಬೇಕು. ಆದರೆ ಬರೀ ಕತ್ತರಿಸಿದ್ದಕ್ಕೇ ಓದುಗರು ಮುನಿಸಿಕೊಳ್ಳುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಒಂದು ಸಾಲೂ ಬಿಡದೆ ತೆಗೆದರೂ ‘ಪುಸ್ತಕದಷ್ಟು ಚೆನ್ನಾಗಿಲ್ಲ’ ಎನ್ನುವವರು ಇದ್ದೇ ಇರುತ್ತಾರೆ. ಈ ಜಗಳದ ಬೇರು ನಮ್ಮ ತಲೆಯೊಳಗೇ ಇದೆ.

ಹೀಗೆ ಮಾಡಿ. ಒಬ್ಬರು ಕೋಣೆಗೆ ಬಂದು ಮೇಜಿನ ಮೇಲಿದ್ದ ಚೆಂಡನ್ನು ಕೆಳಗೆ ಬೀಳಿಸಿದರು ಅಂದುಕೊಳ್ಳಿ. ದೃಶ್ಯ ಕಣ್ಣ ಮುಂದೆ ಬಂತಲ್ಲ? ಈಗ ಹೇಳಿ, ಚೆಂಡಿನ ಬಣ್ಣ ಯಾವುದು? ಬಂದವರ ಕೂದಲು ಉದ್ದವೋ ಗಿಡ್ಡವೋ? ಸಂಶೋಧಕರಾದ ಎರಿಕ್ ಬಿಗೆಲೋ, ಟೋಮರ್ ಉಲ್ಮನ್ ಮತ್ತವರ ಸಂಗಡಿಗರು ಇಂಥ ಪ್ರಶ್ನೆಗಳನ್ನು 1800ಕ್ಕೂ ಹೆಚ್ಚು ಜನರಿಗೆ ಕೇಳಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನವರು ಒಂದಲ್ಲ ಒಂದು ಮುಖ್ಯ ವಿವರಕ್ಕೆ ‘ಅದನ್ನು ನಾನು ಕಲ್ಪಿಸಿಕೊಂಡೇ ಇರಲಿಲ್ಲ’ ಎಂದರು. ಮರೆತುಹೋಗಿದ್ದಲ್ಲ, ಅನುಮಾನವೂ ಅಲ್ಲ. ಆ ಜಾಗ ಖಾಲಿಯೇ ಇತ್ತು. ಚಿತ್ರ ಬಹಳ ಸ್ಪಷ್ಟವಾಗಿ ಕಂಡಿತು ಎಂದವರಲ್ಲೂ ಇದೇ ಕಥೆ.

ಅಂದರೆ ಓದುವಾಗ ನಮ್ಮೊಳಗೆ ಓಡುವ ‘ಸಿನಿಮಾ’ದಲ್ಲಿ ಅರ್ಧಕ್ಕರ್ಧ ವಿವರಗಳೇ ಇರುವುದಿಲ್ಲ, ಇಲ್ಲವೆಂಬುದು ನಮಗೆ ಗೊತ್ತೂ ಆಗುವುದಿಲ್ಲ. ‘ನಾಗರಹಾವು’ವಿನ ನಾಯಕ ರಾಮಾಚಾರಿಯ ಹುಂಬತನ, ಕೆಚ್ಚು, ಚಿತ್ರದುರ್ಗದ ಬಂಡೆಗಳ ಮೇಲಿನ ಬಿಸಿಲು ಓದುಗನಿಗೆ ಸಿಕ್ಕಿರುತ್ತವೆ. ಮೂಗು ಹೇಗಿತ್ತು ಎಂದು ಕೇಳಿದರೆ ತಡವರಿಸುತ್ತಾನೆ. ಕ್ಯಾಮೆರಾಕ್ಕೆ ಈ ಸೌಲಭ್ಯವಿಲ್ಲ. ಮೂಗು, ಅಂಗಿಯ ಗುಂಡಿ, ಹಿಂದಿನ ಗೋಡೆಯ ಸುಣ್ಣ, ಎಲ್ಲವನ್ನೂ ಒಂದೇ ಏಟಿಗೆ ತೋರಿಸಿಬಿಡಬೇಕು. ಆಗ ‘ಇವನು ನನ್ನ ರಾಮಾಚಾರಿಯಲ್ಲ’ ಎಂಬ ತಕರಾರು ಏಳುತ್ತದೆ. ‘ನಿಮ್ಮವನ ಚಿತ್ರ ಬರೆದುಕೊಡಿ’ ಎಂದರೆ ಬರೆಯಲಾಗದು, ಆದರೂ ತಕರಾರು ಸುಳ್ಳಲ್ಲ. ಸಿನಿಮಾ ಮೊದಲು ನೋಡಿ ಕಾದಂಬರಿ ಓದಿದವರಿಗೆ ಈ ತೊಂದರೆಯೇ ಇಲ್ಲ. ಖಾಲಿ ಜಾಗದಲ್ಲಿ ವಿಷ್ಣುವರ್ಧನ್ ಮೊದಲೇ ಬಂದು ಕೂತಿರುತ್ತಾರೆ.

ಮನಸ್ಸಿನಲ್ಲಿ ಚಿತ್ರವೇ ಮೂಡದವರೂ ಇದ್ದಾರೆ. ಬ್ರಿಟಿಷ್ ನರವಿಜ್ಞಾನಿ ಆಡಂ ಝೀಮನ್ 2015ರಲ್ಲಿ ಈ ಸ್ಥಿತಿಗೆ ಅಫ್ಯಾಂಟೇಸಿಯಾ ಎಂದು ಹೆಸರಿಟ್ಟರು. ಅವರಲ್ಲೂ ಕಾದಂಬರಿಪ್ರಿಯರಿದ್ದಾರೆ.

ಸಿನಿಮಾ ಕಸಿದುಕೊಳ್ಳುವುದು ಎಷ್ಟು ಎಂಬುದಕ್ಕೂ ಒಂದು ಅಂದಾಜಿದೆ. ಊರಿ ಹ್ಯಾಸನ್ ಮತ್ತು ಸಹೋದ್ಯೋಗಿಗಳು ಜನರನ್ನು ಮಿದುಳಿನ ಸ್ಕ್ಯಾನರ್‌ನೊಳಗೆ ಮಲಗಿಸಿ ಚಿತ್ರಗಳನ್ನು ತೋರಿಸಿದರು. ಹಿಚ್‌ಕಾಕ್ ನಿರ್ದೇಶಿಸಿದ ಒಂದು ಟಿವಿ ಕಂತು ನೋಡುವಾಗ ಮಿದುಳಿನ ಹೊರಪದರದ ಸುಮಾರು 65% ಭಾಗ ಎಲ್ಲ ನೋಡುಗರಲ್ಲೂ ಒಂದೇ ತಾಳಕ್ಕೆ ಏರಿಳಿಯಿತು. ಪಾರ್ಕಿನಲ್ಲಿ ಕ್ಯಾಮೆರಾ ಇಟ್ಟು ಸುಮ್ಮನೆ ಹಿಡಿದ, ಕತ್ತರಿ ಹಾಕದ ದೃಶ್ಯಕ್ಕೆ ಅದು 5%ಕ್ಕಿಂತ ಕಡಿಮೆ. ಎಲ್ಲಿ ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಯಾವಾಗ ಬೆಚ್ಚಬೇಕು ಎಂಬುದನ್ನೆಲ್ಲ ನಿರ್ದೇಶಕ ನಮ್ಮ ಪರವಾಗಿ ತೀರ್ಮಾನಿಸಿಬಿಟ್ಟಿರುತ್ತಾನೆ. ಓದುಗನೋ ಪುಸ್ತಕ ಮಡಚಿಟ್ಟು ಕಾಫಿ ಕುಡಿದು ಬಂದು ಅದೇ ಸಾಲನ್ನು ಮತ್ತೊಮ್ಮೆ ಓದುತ್ತಾನೆ. ಹಾಗೆಂದು ಒಂದೇ ತಾಳಕ್ಕೆ ಕುಣಿಯುವುದು ಕೀಳೆಂದು ನಾನು ಹೇಳಲಾರೆ. ಇಡೀ ಥಿಯೇಟರು ಒಟ್ಟಿಗೆ ಶಿಳ್ಳೆ ಹೊಡೆಯುವ ಸುಖ ಪುಸ್ತಕಕ್ಕೆಲ್ಲಿಂದ ಬರಬೇಕು?

ಇನ್ನು ಕ್ಯಾಮೆರಾಕ್ಕೆ ದಕ್ಕದ ಒಂದು ಇಂದ್ರಿಯ: ಮೂಗು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ನಾರಣಪ್ಪನ ಹೆಣ ಕೊಳೆಯುತ್ತಾ ಬಿದ್ದಿದೆ, ಶವಸಂಸ್ಕಾರ ಮಾಡುವವರು ಯಾರೆಂದು ತೀರ್ಮಾನವಾಗುತ್ತಿಲ್ಲ, ನಾತ ಅಗ್ರಹಾರವನ್ನೇ ಹೊಕ್ಕಿದೆ. ಸ್ಪೇನಿನ ಹೂಲಿಯೋ ಗೊನ್ಸಾಲೆಸ್ ತಂಡ 2006ರಲ್ಲಿ ತೋರಿಸಿದಂತೆ, ಗಾಢ ವಾಸನೆಗೆ ಸಂಬಂಧಿಸಿದ ಪದಗಳನ್ನು ಬರೀ ಓದಿದರೂ ಮಿದುಳಿನಲ್ಲಿ ವಾಸನೆ ಗ್ರಹಿಸುವ ಭಾಗಗಳು ಚುರುಕಾಗುತ್ತವೆ. ಪರದೆ ನಾತವನ್ನು ಕೊಡಲಾರದು. 1960ರಲ್ಲಿ ಅಮೆರಿಕದಲ್ಲಿ ಸೀಟುಗಳ ಬಳಿಗೆ ಕೊಳವೆ ಎಳೆದು, ದೃಶ್ಯಕ್ಕೆ ತಕ್ಕ ಪರಿಮಳ ಬಿಡುವ ‘ಸ್ಮೆಲ್-ಓ-ವಿಷನ್’ ಪ್ರಯೋಗವೂ ನಡೆದು ನೆಲಕಚ್ಚಿತು. ಪರಿಮಳ ಕೆಲವರಿಗೆ ತಡವಾಗಿ ತಲುಪುತ್ತಿತ್ತಂತೆ. ನಾರಣಪ್ಪನ ಹೆಣಕ್ಕೆ ಆ ಯಂತ್ರ ಹೂಡುವ ಯೋಚನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ, ಪುಣ್ಯ.

ಆದರೂ ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆರೆಗೆ ತಂದ ‘ಸಂಸ್ಕಾರ’ ಸೋತಿಲ್ಲ. ಕಾದಂಬರಿಯ ಕೊನೆಯ ಭಾಗದಲ್ಲಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಗುರಿಯಿಲ್ಲದೆ ನಡೆಯುತ್ತಾರೆ, ದಾರಿಯಲ್ಲಿ ಸಿಕ್ಕ ಪುಟ್ಟ ಎಂಬವನು ಬೆನ್ನಿಗೆ ಬಿದ್ದಿರುತ್ತಾನೆ, ನಾವು ಇರುವುದು ಹೆಚ್ಚಾಗಿ ಆಚಾರ್ಯರ ತಲೆಯೊಳಗೆ. ಕ್ಯಾಮೆರಾಕ್ಕೆ ಕಾಣುವುದು ನಡೆಯುತ್ತಿರುವ ಗಿರೀಶ ಕಾರ್ನಾಡರು ಮಾತ್ರ. ಇಲ್ಲಿ ನೆರವಿಗೆ ಬರುವುದು ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ಸುಮಾರು 1920ರ ಹೊತ್ತಿಗೇ ಎತ್ತಿ ತೋರಿಸಿದ ಗುಟ್ಟು: ಭಾವವಿಲ್ಲದ ಒಂದೇ ಮುಖವನ್ನು ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿದರೆ ನೋಡುಗ ತಾನೇ ಹಸಿವನ್ನೋ ದುಃಖವನ್ನೋ ಅದರಲ್ಲಿ ಓದಿಕೊಳ್ಳುತ್ತಾನೆ. ಅಂದರೆ ತೆರೆಯ ಮೇಲೂ ಖಾಲಿ ಜಾಗ ಬಿಡಲು ದಾರಿ ಇದೆ.

ನನ್ನದೊಂದು ಗುಮಾನಿ. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’ ಮೂರೂ ಕಪ್ಪು-ಬಿಳುಪು ಚಿತ್ರಗಳು, ಮೂಲ ಕೃತಿಯನ್ನು ಮೆಚ್ಚಿದವರೂ ಒಪ್ಪಿಕೊಂಡವು. ಬಣ್ಣದ ಫಿಲಂ ದುಬಾರಿ ಎಂಬುದೇನೋ ಸರಿ, ಆದರೆ ಲಾಭ ಬೇರೆ ಕಡೆಯೂ ಆಗಿದೆ. ‘ಸಂಸ್ಕಾರ’ದ ಚಂದ್ರಿ ಉಟ್ಟ ಸೀರೆಯ ಬಣ್ಣ ಯಾವುದೆಂದು ಪರದೆ ನಮಗೆ ಹೇಳುವುದೇ ಇಲ್ಲ. ಬಿಗೆಲೋ ಅವರ ಚೆಂಡಿನ ಹಾಗೆ ಅದು ನಮ್ಮ ಪಾಲಿಗೆ ಬಣ್ಣವಿಲ್ಲದೆಯೇ ಸಾಗುತ್ತದೆ. ‘ಘಟಶ್ರಾದ್ಧ’ದಲ್ಲಿ ಗಿರೀಶ ಕಾಸರವಳ್ಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಥೆಯನ್ನು ಬಹುಮಟ್ಟಿಗೆ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದಲೇ ನೋಡಿದರು. ಯಮುನಕ್ಕನ ಸುತ್ತ ದೊಡ್ಡವರು ಯಾಕೆ ಪಿಸುಗುಡುತ್ತಾರೆ ಎಂಬುದು ಅವನಿಗೆ ಅರ್ಧಂಬರ್ಧ ಅರ್ಥವಾಗುತ್ತದೆ, ಉಳಿದರ್ಧ ನೋಡುಗನ ಪಾಲಿಗೆ.